ಪಟ್ಟಿಯ ಮೂರನೆಯ ಹೆಸರು

ವಾಷಿಂಗ್ಟನ್
6 ಜೂನ್ 1960

ಪ್ರೀತಿಯ ಅಕ್ಕ ಲೆಂಪಿಗೆ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಸಹಕಾರಿ ಅಂಗಡಿಗೆ ಫೋನು ಮಾಡಿದರೆ ಸಕ್ಕರೆಗೆ ಬಂದವರು, ಮೊಳೆಗೆ ಬಂದವರು ಎಲ್ಲರೂ ಕಿವಿ ನಿಮಿರಿಸಿ ನಿಲ್ಲುತ್ತಾರೆ. ವಿಷಯ ಇನ್ನೂ ಹೊರಗೆ ಬೀಳಬಾರದು.

ಗವರ್ನರ್ ಹೋಲ್ಕಂಬ್ ನಮ್ಮ ಪಕ್ಷದ ಅಧ್ಯಕ್ಷ ಅಭ್ಯರ್ಥಿಯಾಗುವುದು ಬಹುತೇಕ ಖಚಿತ. ಉಪಾಧ್ಯಕ್ಷ ಸ್ಥಾನಕ್ಕೆ ತಮ್ಮ ಜೊತೆ ಯಾರನ್ನು ನಿಲ್ಲಿಸಿಕೊಳ್ಳುವುದು ಎಂದು ಅವರು ಮೂರು ಹೆಸರಿನ ಪಟ್ಟಿ ಮಾಡಿದ್ದಾರೆ. ಮೂರನೆಯದು ನನ್ನದು. ಈ ಸಾಲು ಬರೆದು ಒಮ್ಮೆ ಎದ್ದು ಕಿಟಕಿಯವರೆಗೆ ಹೋಗಿ ಬಂದೆ. ಮೂರು ದಿನದಿಂದ ಇದೇ ಆಗಿದೆ, ಕೂತರೆ ಕೂರಲಾಗುವುದಿಲ್ಲ.

ಹೋಲ್ಕಂಬರ ವಕೀಲ ಪ್ರೆಂಟಿಸ್ ಗೇಲ್ ಎಂಬಾತ ಮೂವರ ಹಿನ್ನೆಲೆಯನ್ನೂ ಜಾಲಾಡುತ್ತಿದ್ದಾನೆ. ಹನ್ನೊಂದು ಪುಟದ ಪ್ರಶ್ನೆಪತ್ರಿಕೆ ಕೊಟ್ಟಿದ್ದ. ಕುಟುಂಬದ ಬಗ್ಗೆ ನಾನು ಹೀಗೆ ಬರೆದಿದ್ದೇನೆ: 'ತಂದೆ ಏಮೆಲಿ ಸಾರೆಲ, ಫಿನ್ಲೆಂಡಿನಿಂದ ಬಂದು ನೆಲೆಸಿದ ಕಬ್ಬಿಣದ ಗಣಿಯ ಕಾರ್ಮಿಕ. 1932ರಲ್ಲಿ ಗಣಿ ಮುಚ್ಚಿ ಕೆಲಸ ಹೋದಾಗ, ರಷ್ಯದ ಕರೇಲಿಯದಲ್ಲಿ ಫಿನ್ನರಿಗಾಗಿ ಹೊಸ ನಾಡು ಕಟ್ಟುತ್ತಾರೆಂಬ ಮಾತು ನಂಬಿ ಊರಿನ ಇತರರೊಂದಿಗೆ ಅಲ್ಲಿಗೆ ಹೋದರು. ಹತ್ತೊಂಬತ್ತರ ಅಣ್ಣ ತೌನೊ ಜೊತೆಗೆ ಹೋದ. 1938ರಲ್ಲಿ ಅಲ್ಲಿನ ಪೊಲೀಸರು ಇಬ್ಬರನ್ನೂ ಹಿಡಿದೊಯ್ದು ಕೊಂದರು. ತಾಯಿ 1934ರಲ್ಲಿ ಕ್ಷಯದಿಂದ ತೀರಿಕೊಂಡರು. ಸಾಕಿ ಓದಿಸಿದವಳು ಅಕ್ಕ.'

ಗೇಲ್ ನಿನ್ನನ್ನು ನೋಡಲು ಬರುತ್ತಾನೆ. ನೀನೂ ಇಷ್ಟೇ ಹೇಳು. ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡ: ಅಡುಗೆಮನೆಯ ಗೋಡೆಯ ಮೇಲೆ ಅಪ್ಪ ಕೆಂಪು ಬಾವುಟ ಹಿಡಿದು ನಿಂತ ಫೋಟೊ ಇದೆಯಲ್ಲ, ಅವನು ಬಂದು ಹೋಗುವವರೆಗೆ ಅದನ್ನು ತೆಗೆದಿಡುತ್ತೀಯಾ?

ನಿನ್ನ ತಮ್ಮ
ರೇನೊ


ಎಂಬರ್ ಲೇಕ್, ಮಿನೆಸೋಟ
10 ಜೂನ್ 1960

ರೇನೊ,

ಪತ್ರ ಬಂತು. ನೀನು ಕಿಟಕಿಗೆ ಹೋಗಿ ಬಂದ ಕಡೆ ಶಾಯಿ ಚೆಲ್ಲಿದೆ. ಚಿಕ್ಕವನಿದ್ದಾಗಲೂ ಲೆಕ್ಕ ಬಿಡಿಸುವಾಗ ಹೀಗೇ ಎದ್ದೆದ್ದು ಓಡುತ್ತಿದ್ದೆ.

ಇಲ್ಲಿ ಅಂಗಡಿಯ ಮಾಡಿಗೆ ಹೊಸ ತಗಡು ಹಾಕಿಸುತ್ತಿದ್ದೇವೆ. ಪಕ್ಕದ ಮನೆಯ ಮುದುಕ ಕಾರ್ಲೊಗೆ ಮೊಣಕಾಲು ನೋವು, ಶನಿವಾರದ ಸೌನಾ ಹಬೆಸ್ನಾನಕ್ಕೂ ಕೋಲೂರಿಕೊಂಡು ಬರುತ್ತಾನೆ. ಬಂದು ಬಿಸಿಕಲ್ಲಿಗೆ ನೀರು ಹೊಯ್ಯುವವನು ಮಾತ್ರ ಅವನೇ. ನೀನು ಯಾರಿಗೂ ಹೇಳಬಾರದು ಎಂದಿದ್ದೀಯ, ಹೇಳಿಲ್ಲ. ಆದರೂ ಕಾರ್ಲೊ ನಿನ್ನೆ ಕೇಳಿದ: "ಲೆಂಪಿ, ಈ ಉಪಾಧ್ಯಕ್ಷ ಅನ್ನೋನು ಮಾಡೋ ಕೆಲ್ಸ ಏನು?" ನಾನು, "ಇನ್ನೊಬ್ರು ಸಾಯ್ಲಿ ಅಂತ ಕಾಯೋದು" ಅಂದೆ. ಪೇಪರಿನಲ್ಲಿ ನಿನ್ನ ಹೆಸರು ತೇಲಿಬಿಟ್ಟಿದ್ದಾರೆ. ಗುಟ್ಟು ನಿಮ್ಮ ಊರಿನಲ್ಲಿ ಮಾತ್ರ ಗುಟ್ಟು.

ಬೇರೆ ಇಬ್ಬರು ಯಾರು? ಅವರಿಗೆ ಇದರ ಆಸೆ ಹೆಚ್ಚಿದೆಯೇ? ಪಟ್ಟಿಯಲ್ಲಿ ಹೆಸರು ಬಂದವನು ಬೇಡ ಎನ್ನಲು ಸಾಧ್ಯವೇ? ಸುಮ್ಮನೆ ಕೇಳಿದೆ.

ಫೋಟೊ ಇದ್ದ ಕಡೆಯೇ ಇರುತ್ತದೆ. ಗೋಡೆಗೆ ಬಣ್ಣ ಬಳಿದು ಎಷ್ಟೋ ವರ್ಷವಾಯಿತು. ತೆಗೆದರೆ ಚೌಕ ಗುರುತು ಉಳಿಯುತ್ತದೆ, ನಿನ್ನ ವಕೀಲ ಅದನ್ನೇ ಮೊದಲು ನೋಡುತ್ತಾನೆ.

ಅಕ್ಕ


ವಾಷಿಂಗ್ಟನ್
15 ಜೂನ್ 1960

ಅಕ್ಕ,

ನಿನ್ನ ಪತ್ರವನ್ನು ಎರಡು ಸಲ ಓದಿದೆ, ಎಲ್ಲಾದರೂ ಒಂದು ಕಡೆ 'ಸಂತೋಷವಾಯಿತು' ಎಂದಿದೆಯೇ ಎಂದು. ಮಾಡು ಇದೆ, ಮೊಣಕಾಲು ಇದೆ.

ಕೇಳಿದೆಯಲ್ಲ, ಹೇಳುತ್ತೇನೆ. ಮೊದಲನೆಯವರು ದಕ್ಷಿಣದ ಹಿರಿಯ ಸೆನೆಟರ್ ಲ್ಯಾಥ್ರಪ್. ಎದೆನೋವಿನವರು, ಮೆಟ್ಟಿಲು ಹತ್ತುವಾಗ ಯಾರೂ ನೋಡದಂತೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಎರಡನೆಯವರು ಪಶ್ಚಿಮದ ಒಬ್ಬ ಗವರ್ನರ್. ಅವರಿಗೆ ಈಗಿರುವುದು ಮೂರನೆಯ ಹೆಂಡತಿ. ಹೋಲ್ಕಂಬರಿಗೆ ಬೇಕಾದದ್ದು ಗಣಿ ಮತ್ತು ಕಾರ್ಖಾನೆಯ ಮತಗಳು. ಅವು ನನ್ನ ಹತ್ತಿರ ಇವೆ. ನಲವತ್ತು ವರ್ಷ, ಯುದ್ಧದಲ್ಲಿ ಗಾಯಗೊಂಡವನು, ಒಬ್ಬಳೇ ಹೆಂಡತಿ.

ಬೇಡ ಎನ್ನಲು ಸಾಧ್ಯ. ಯಾಕೆ ಎನ್ನಬೇಕು? ಹೆಸರು ನೆಟ್ಟಗೆ ಉಚ್ಚರಿಸಲು ಬಾರದ ಮೇಷ್ಟರ ಎದುರು ನಿಂತು ಇಂಗ್ಲಿಷ್ ಕಲಿತವನು ನಾನು. ನಮ್ಮಂಥವರ ಮಗ ಅಲ್ಲಿಯವರೆಗೆ ಹೋಗುವುದು ನಿನಗೆ ಏನೂ ಅಲ್ಲವೇ? ನಾನು ಸೆನೆಟ್ಟಿಗೆ ಬಂದು ಒಂದೂವರೆ ವರ್ಷವಾಯಿತು, ನೀನು ಒಮ್ಮೆಯೂ ಇಲ್ಲಿಗೆ ಬರಲಿಲ್ಲ. ಕ್ಯಾರೊಲಿನ್ ಕೇಳುತ್ತಾಳೆ, "ನಿಮ್ಮಕ್ಕನಿಗೆ ನಮ್ಮನ್ನ ಕಂಡ್ರೆ ಆಗಲ್ವಾ?" ಅಂತ. ಅವಳು ಅಭ್ಯರ್ಥಿಗಳನ್ನು ಘೋಷಿಸುವ ಪಕ್ಷದ ಸಮಾವೇಶಕ್ಕೆಂದು ನೀಲಿ ಉಡುಪು ಹೊಲಿಸಿದ್ದಾಳೆ. ದಿನಕ್ಕೊಂದು ಸಲ ಬೀರು ತೆಗೆದು ನೋಡಿ ಮುಚ್ಚುತ್ತಾಳೆ.

ಫೋನು ಬಡಿದುಕೊಂಡರೆ ಇಬ್ಬರೂ ಒಟ್ಟಿಗೆ ಏಳುತ್ತೇವೆ.

ರೇನೊ


ಎಂಬರ್ ಲೇಕ್
21 ಜೂನ್ 1960

ರೇನೊ,

ನಿನ್ನ ವಕೀಲರು ಬಂದು ಹೋದರು. ನಿನ್ನ ಕೋಪಕ್ಕೆ ಉತ್ತರ ಆಮೇಲೆ ಕೊಡುತ್ತೇನೆ, ಮೊದಲು ಇದನ್ನು ಕೇಳು.

ತೆಳ್ಳಗಿನ ಮನುಷ್ಯ. ಹೊಳೆಯುವ ಬೂಟು ಹಾಕಿಕೊಂಡು ಬಂದಿದ್ದರು, ಬಾಗಿಲಿಗೆ ಬರುವಷ್ಟರಲ್ಲಿ ಕೆಂಪು ಮಣ್ಣು ಮೆತ್ತಿತ್ತು. ಏಲಕ್ಕಿ ಹಾಕಿದ ಸಿಹಿ ಬ್ರೆಡ್ಡು ಇಟ್ಟೆ. ಮೂರು ತುಂಡು ತಿಂದರು, ನಾಲ್ಕನೆಯದನ್ನು ನೋಡುತ್ತ ಕೂತರು.

"ಈ ಫೋಟೊದಲ್ಲಿರೋರು ನಿಮ್ಮ ತಂದೆಯವರಾ?" ಎಂದು ಕೇಳಿದರು.

"ಹೌದು. ಬಾವುಟ ಮುಷ್ಕರದ್ದು. ಆ ವರ್ಷ ಗಣಿಯೊಳಗೆ ಹದಿಮೂರು ಜನ ಸತ್ತಿದ್ರು."

"ನಿಮಗೆ ಈಗ್ಲೂ ಆ ರಾಜಕೀಯದ ಮೇಲೆ ಒಲವಿದೆಯಾ, ಮಿಸ್ ಸಾರೆಲ?"

"ಆ ರಾಜಕೀಯ ನಮ್ಮಪ್ಪನ್ನ ತಿಂದುಹಾಕ್ತು. ಒಲವು ಹೇಗಿರುತ್ತೆ, ನೀವೇ ಹೇಳಿ."

ಅವರು ಪೆನ್ನು ಕೆಳಗಿಟ್ಟರು. ಒಳ್ಳೆಯವರೇ ಇರಬೇಕು. ಆಮೇಲೆ, "ಹೊರದೇಶದಿಂದ ಪತ್ರ ಬರುತ್ತಾ?" ಎಂದರು. ಫಿನ್ಲೆಂಡಿನ ಕುವೋಪಿಯೊದಲ್ಲಿ ಚಿಕ್ಕಮ್ಮ ಇದ್ದಾಳೆ, ಕ್ರಿಸ್‌ಮಸ್ಸಿಗೆ ಬರೆಯುತ್ತಾಳೆ ಎಂದೆ. ಬರೆದುಕೊಂಡರು. ನಾಲ್ಕನೆಯ ತುಂಡನ್ನು ಕಾಗದದಲ್ಲಿ ಕಟ್ಟಿ ಕೊಟ್ಟೆ.

ಎಲ್ಲ ಸರಿಯಾಗಿ ನಡೆಯಿತು. ನೀನು ಹೇಳಿದಷ್ಟೇ ಹೇಳಿದ್ದೇನೆ.

ಕ್ಯಾರೊಲಿನ್‌ಗೆ ಹೇಳು, ನನಗೆ ಅವಳನ್ನು ಕಂಡರೆ ಆಗುತ್ತದೆ. ವಾಷಿಂಗ್ಟನ್ನಿಗೆ ಬಂದರೆ ಜನ ಬಹಳ ಪ್ರಶ್ನೆ ಕೇಳುತ್ತಾರೆ, ಅದಕ್ಕೆ ಬರಲಿಲ್ಲ, ಅಷ್ಟೇ.

ಅಕ್ಕ


ವಾಷಿಂಗ್ಟನ್
29 ಜೂನ್ 1960

ಲೆಂಪಿ,

ಗೇಲ್ ಇಂದು ನನ್ನ ಕಚೇರಿಗೆ ಬಂದಿದ್ದ. ಬಾಗಿಲು ಮುಚ್ಚಿ, "ನಿಮ್ಮಕ್ಕ ಬಹಳ ಒಳ್ಳೆಯವರು. ಅವರು ಕರೇಲಿಯಕ್ಕೆ ಪಾರ್ಸೆಲ್ ಯಾರಿಗೆ ಕಳಿಸ್ತಾರೆ?" ಎಂದು ಕೇಳಿದ. ನಾನು ನಕ್ಕುಬಿಟ್ಟೆ, ತಮಾಷೆ ಎಂದುಕೊಂಡು. ಅವನು ನಗಲಿಲ್ಲ. ಊರಿನಲ್ಲಿ ಯಾರೋ ಮಾತಿಗೆ ಮಾತು ಬಂದು ಹೇಳಿದ್ದಾರಂತೆ: ಎರಡು ವರ್ಷದಿಂದ ಬೂಟು, ಉಣ್ಣೆ ಬಟ್ಟೆ, ಕಾಫಿಪುಡಿ, ಎಲ್ಲ ಪೆತ್ರೋಸ್ಕೊಯ್ ನಗರಕ್ಕೆ.

ನಿನ್ನ ಪರವಾಗಿಯೂ ನಾನೇ ಆ ಹನ್ನೊಂದು ಪುಟಕ್ಕೆ ಸಹಿ ಮಾಡಿದ್ದೇನೆ. ನೀನು ನಮ್ಮ ಅಡುಗೆಮನೆಯಲ್ಲಿ ಕೂತು ಅವನಿಗೆ ಬ್ರೆಡ್ಡು ಕೊಟ್ಟು ಸುಳ್ಳು ಹೇಳಿದೆ, ಆಮೇಲೆ ನನಗೂ ಹೇಳಿದೆ. ಯಾರು ಅವರು? ಅಪ್ಪನ ಹಳೆಯ ಸಂಗಾತಿಗಳೇ? ಆ ಜನ ಅಪ್ಪನನ್ನು ಗುಂಡಿಟ್ಟು ಕೊಂದರು, ತೌನೊನನ್ನು ಕೊಂದರು. ನೀನು ಅವರಿಗೆ ಕಾಫಿ ಕಳಿಸುತ್ತಿದ್ದೀಯ. ನನಗೆ ಈ ದೇಶದಲ್ಲಿ ಏನಾದರೂ ಆಗುವುದು ಯಾಕೆ ನಿನಗೆ ಬೇಡ ಎಂದು ಈಗ ಅರ್ಥವಾಗುತ್ತಿದೆ.

ಗೇಲ್ ಇದನ್ನು ಇನ್ನೂ ಹೋಲ್ಕಂಬರಿಗೆ ಹೇಳಿಲ್ಲ. ಜುಲೈ ಎಂಟರವರೆಗೆ ಸಮಯ ಕೊಟ್ಟಿದ್ದಾನೆ. ಸಮಾವೇಶ ಹನ್ನೊಂದಕ್ಕೆ, ಸೇಂಟ್ ಲೂಯಿಸ್‌ನಲ್ಲಿ. ಬರೆ. ಮಾಡಿನ ವಿಷಯ ಬೇಡ.

ರೇನೊ


ಎಂಬರ್ ಲೇಕ್
3 ಜುಲೈ 1960

ರೇನೊ,

ಕೂತುಕೊಂಡು ಓದು. ಕಿಟಕಿಗೆ ಹೋಗಬೇಡ.

ಪಾರ್ಸೆಲ್ ಹೋಗುವುದು ತೌನೊಗೆ. ನಮ್ಮ ತೌನೊ ಬದುಕಿದ್ದಾನೆ.

1957ರ ಅಕ್ಟೋಬರಿನಲ್ಲಿ ಕುವೋಪಿಯೊದ ಚಿಕ್ಕಮ್ಮ ತನ್ನ ಪತ್ರದೊಳಗೆ ಇನ್ನೊಂದು ಪತ್ರ ಮಡಿಸಿ ಇಟ್ಟಿದ್ದಳು. ಅಕ್ಷರ ನೋಡಿದ ಕೂಡಲೇ ತಿಳಿಯಿತು. ಅಂಗಡಿಯಲ್ಲಿ ಜನ ಇದ್ದರು, ಹಿಂದಿನ ಕೋಣೆಗೆ ಹೋಗಿ ಹಿಟ್ಟಿನ ಮೂಟೆಯ ಮೇಲೆ ಕೂತು ಓದಿದೆ. ಅದರಲ್ಲಿದ್ದದ್ದು ಇಷ್ಟು: 'ಲೆಂಪಿ, ನಾನು ಇದ್ದೇನೆ. ಅಪ್ಪ ಇಲ್ಲ. ಎಂಟು ವರ್ಷ ಉತ್ತರದಲ್ಲಿ ಮರ ಕಡಿದೆ, ಈಗ ಪೆತ್ರೋಸ್ಕೊಯ್‌ನ ಮರದ ಕಾರ್ಖಾನೆಯಲ್ಲಿದ್ದೇನೆ. ಮದುವೆಯಾಗಿದೆ. ಒಬ್ಬಳು ಮಗಳು, ಅಮ್ಮನ ಹೆಸರಿಟ್ಟಿದ್ದೇವೆ. ಪುಟ್ಟ ರೇನೊ ಇದ್ದಾನೆಯೇ? ಯುದ್ಧ ಅವನನ್ನು ಬಿಟ್ಟಿತೇ?'

ಉತ್ತರ ಎಂಬುದು ಅವರ ಸೆರೆಶಿಬಿರಗಳಿರುವ ಜಾಗ. ಅವನು ಅದಕ್ಕಿಂತ ಹೆಚ್ಚು ಬರೆಯುವಂತಿಲ್ಲ.

ನಿನಗೆ ಯಾಕೆ ಹೇಳಲಿಲ್ಲ? ಆಗ ನೀನು ಸೆನೆಟ್ಟಿಗೆ ನಿಲ್ಲುವ ತಯಾರಿಯಲ್ಲಿದ್ದೆ. ರಷ್ಯದಲ್ಲಿ ಅಣ್ಣ ಇದ್ದಾನೆಂದರೆ ಎದುರಾಳಿಗಳು ನಿನ್ನನ್ನು ಹರಿದು ತಿನ್ನುತ್ತಿದ್ದರು. ನಿನಗೆ ಗೊತ್ತಿಲ್ಲದಿದ್ದರೆ ನೀನು ಹೇಳುವುದು ಸುಳ್ಳಾಗುವುದಿಲ್ಲ ಎಂದುಕೊಂಡೆ. ಚುನಾವಣೆ ಮುಗಿಯಲಿ, ಹೇಳುತ್ತೇನೆ ಎಂದುಕೊಂಡೆ. ನೀನು ಗೆದ್ದೆ. ಆಮೇಲೆ ಹೇಳುವ ದಿನ ಬರಲೇ ಇಲ್ಲ. ಒಂದು ದಿನ ಮುಚ್ಚಿಟ್ಟದ್ದನ್ನು ಎರಡನೆಯ ದಿನ ಹೇಳುವುದು ಇನ್ನೂ ಕಷ್ಟ, ರೇನೊ. ನೀನು ಕರೆದಾಗಲೆಲ್ಲ ನಾನು ವಾಷಿಂಗ್ಟನ್ನಿಗೆ ಬಾರದಿದ್ದದ್ದು ನಿನ್ನ ಮುಖ ನೋಡಲಾಗದೆ.

ಅವನಿಗೂ ಸುಳ್ಳು ಹೇಳಿದ್ದೇನೆ. ಅಲ್ಲಿ ಪತ್ರ ಒಡೆದು ಓದುತ್ತಾರೆ. ತಮ್ಮ ಅಮೆರಿಕದ ಸೆನೆಟರ್ ಎಂದು ತಿಳಿದರೆ ಅವನನ್ನು ಇನ್ನೊಮ್ಮೆ ಕರೆಸುತ್ತಾರೆ. ಅದಕ್ಕೆ, ರೇನೊ ಯಾವುದೋ ಕಚೇರಿಯಲ್ಲಿ ಗುಮಾಸ್ತ, ಬರೆಯುವುದು ಅವನಿಗೆ ಒಗ್ಗುವುದಿಲ್ಲ ಎಂದು ತಿಳಿಸಿದ್ದೇನೆ. 'ಅವನು ಮೊದಲಿಂದಲೂ ಸೋಮಾರಿ' ಎಂದು ತೌನೊ ಉತ್ತರ ಬರೆದ.

ನಿನಗೆ ಒಳ್ಳೆಯದಾಗುವುದು ನನಗೆ ಬೇಡ ಎಂದೆಯಲ್ಲ. ನಿನ್ನ ಹೆಸರು ಆ ಪಟ್ಟಿಯಲ್ಲಿ ಬಂದ ದಿನದಿಂದ ನಾನು ಊಟ ಬಿಟ್ಟು ಓಡಾಡುತ್ತಿದ್ದೇನೆ. ಸೆನೆಟರುಗಳು ನೂರು ಜನ, ಯಾರೂ ಗಮನಿಸುವುದಿಲ್ಲ. ಉಪಾಧ್ಯಕ್ಷ ಅಭ್ಯರ್ಥಿಯ ಫೋಟೊ ಮಾಸ್ಕೋದ ಪೇಪರಿಗೂ ಹೋಗುತ್ತದೆ. ಸಾರೆಲ ಎಂಬ ಹೆಸರು, ಅಪ್ಪನ ಮೂಗು. ಅಲ್ಲಿಂದ ತೌನೊವರೆಗೆ ಬರಲು ಅವರಿಗೆ ಎಷ್ಟು ಹೊತ್ತು ಬೇಕು?

ಈಗ ಎಲ್ಲ ನಿನಗೆ ಗೊತ್ತು. ಏನು ಮಾಡು ಎಂದು ನಾನು ಹೇಳುವುದಿಲ್ಲ.

ಲೆಂಪಿ


ತಂತಿ. ವಾಷಿಂಗ್ಟನ್, 6 ಜುಲೈ 1960

ಪತ್ರ ತಲುಪಿತು. ಯಾರೊಂದಿಗೂ ಮಾತಾಡಬೇಡ. ಬರೆಯುತ್ತೇನೆ. ರೇನೊ.


ಎಂಬರ್ ಲೇಕ್
12 ಜುಲೈ 1960

ರೇನೊ,

ಆರು ದಿನವಾಯಿತು, ನಿನ್ನ ಪತ್ರವಿಲ್ಲ. ಅಂಗಡಿಯಲ್ಲಿ ಎಲ್ಲರೂ ರೇಡಿಯೊಗೆ ಅಂಟಿಕೊಂಡಿದ್ದಾರೆ. ನಿನ್ನೆ ಹೋಲ್ಕಂಬರ ಹೆಸರು ಅಂಗೀಕಾರವಾದಾಗ ಕಾರ್ಲೊ ಕೋಲು ನೆಲಕ್ಕೆ ಕುಟ್ಟಿ, "ಮುಂದಿನದು ನಮ್ಮ ಹುಡುಗಂದು" ಎಂದ. ಹೆಂಗಸರು ನನ್ನನ್ನು ತಬ್ಬಿಕೊಂಡರು. ಒಬ್ಬರು ಉಪ್ಪು ಕೇಳಿದರೆ ನಾನು ಸೋಡಾಪುಡಿ ಕಟ್ಟಿಕೊಟ್ಟೆ.

ನೀನು ಮಾತಾಡದಿರುವುದರ ಅರ್ಥ ನನಗೆ ಆಗಿದೆ. ನಿನಗೆ ಅದು ಬೇಕು. ಬೇಕಾಗುವುದು ತಪ್ಪಲ್ಲ, ಹನ್ನೆರಡು ವರ್ಷದ ಹುಡುಗನಿಗೆ ದೊಡ್ಡವನಾಗು ಎಂದು ಕಲಿಸಿದವಳು ನಾನೇ. ಅದಕ್ಕೆ ನನ್ನ ಕೈಲಾದದ್ದು ಮಾಡಿದ್ದೇನೆ. ಶುಕ್ರವಾರ ತೌನೊಗೆ ಪತ್ರ ಹಾಕಿದೆ: ಇನ್ನು ನನಗೆ ಬರೆಯಬೇಡ, ಪಾರ್ಸೆಲ್ ಬರುವುದಿಲ್ಲ, ಕಾರಣ ಕೇಳಬೇಡ ಎಂದು. ಇನ್ನು ಯಾರಾದರೂ ನನ್ನನ್ನು ಕೇಳಿದರೆ ಅಲ್ಲಿ ನನಗೆ ಯಾರೂ ಇಲ್ಲ.

ನೀನು ಭಾಷಣ ಮಾಡುವಾಗ ಕೈ ಜೇಬಿಗೆ ಹಾಕಬೇಡ.

ಅಕ್ಕ


ಸೇಂಟ್ ಲೂಯಿಸ್, ಹೋಟೆಲಿನಿಂದ
14 ಜುಲೈ 1960

ಅಕ್ಕ,

ಈ ಹೊತ್ತಿಗೆ ನಿನಗೆ ಗೊತ್ತಾಗಿರುತ್ತದೆ. ಹೆಸರು ಲ್ಯಾಥ್ರಪ್‌ದು. ಪೇಪರಿನ ಚಿತ್ರದಲ್ಲಿ ಅವರ ಹಿಂದೆ ಚಪ್ಪಾಳೆ ತಟ್ಟುತ್ತಿರುವವನು ನಾನು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಿನ್ನ ಪತ್ರ ಓದಿದ ಮೇಲೆ ಎರಡು ದಿನ ನಾನು ತೌನೊ ಬಗ್ಗೆ ಯೋಚಿಸಲಿಲ್ಲ. ಯಾರಿಗೂ ತಿಳಿಯದ ಹಾಗೆ ಇದನ್ನು ದಾಟುವುದು ಹೇಗೆಂದು ಯೋಚಿಸಿದೆ. ನೀನು ಅದನ್ನು ತಿಳಿದಿರಬೇಕು. ಎಂಟನೆಯ ತಾರೀಕು ಗೇಲ್‌ಗೆ ಹೇಳಿದೆ. ಅವನು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಆಮೇಲೆ, "ನೀವು ಸತ್ತಿದ್ದಾನೆ ಅಂತ ಬರೆದಾಗ ನಿಮಗೆ ಗೊತ್ತಿರೋದೇ ಬರೆದ್ರಿ. ಕಾಗದ ಹಾಗೇ ಇರ್ಲಿ. ಆದ್ರೆ ಗವರ್ನರಿಗೆ ಹೇಳ್ದೆ ಇರಕ್ಕಾಗಲ್ಲ" ಎಂದ.

ಮಂಗಳವಾರ ಹೋಲ್ಕಂಬ್ ನನ್ನನ್ನು ಕರೆಸಿದರು. ಬರಿಗಾಲಿನಲ್ಲಿ ಕೂತು ಮೊಟ್ಟೆ ತಿನ್ನುತ್ತಿದ್ದರು.

"ರೇ, ಆ ಇಬ್ರದ್ದೂ ಆಗಲ್ಲ. ನಾಳೆ ನಿನ್ ಹೆಸ್ರೇ ಓದ್ತೀನಿ. ನಿಮ್ಮಣ್ಣನ ವಿಷ್ಯ ಗೇಲ್ ಹೇಳ್ದ."

"ಮುಚ್ಚಿಡಬಹುದು ಅಂತಾನೆ ಗೇಲ್," ಎಂದೆ.

"ಮುಚ್ಚಿಡೋದು ಯಾಕಯ್ಯಾ? ಅಂಥಾ ಕಥೆ ಯಾರ ಹತ್ರ ಇದೆ? ವೇದಿಕೆ ಮೇಲೆ ನಿಂತು ಹೇಳು: ನಮ್ಮಪ್ಪನ್ನ ಕೊಂದ್ರು, ನಮ್ಮಣ್ಣನ್ನ ಬಂದಿಯಾಗಿ ಇಟ್ಕೊಂಡಿದಾರೆ, ನಮ್ಮಣ್ಣನ್ನ ಬಿಟ್ಟುಬಿಡಿ. ಇಡೀ ದೇಶ ಅಳುತ್ತೆ. ನಾವು ಗೆದ್ದ ಹಾಗೇ."

"ಅವನಿಗೇನಾಗುತ್ತೆ?"

ಅವರು ತಿನ್ನುವುದನ್ನು ನಿಲ್ಲಿಸಿದರು. "ನಿಜ ಹೇಳ್ಲಾ? ನಂಗೊತ್ತಿಲ್ಲ. ಬಿಟ್ಟರೂ ಬಿಡಬಹುದು. ಸಂಜೆ ಹೊತ್ತಿಗೆ ಹೇಳು."

ಕೋಣೆಗೆ ಬಂದು ಆ ಭಾಷಣ ಬರೆದೆ, ಅಕ್ಕ. ಬರೆಯುವುದಿಲ್ಲ ಎಂದುಕೊಂಡೇ ಬರೆದೆ. ನಾನು ಇದುವರೆಗೆ ಬರೆದದ್ದರಲ್ಲೆಲ್ಲ ಒಳ್ಳೆಯದು ಅದು. ಕ್ಯಾರೊಲಿನ್‌ಗೆ ಓದಿ ಹೇಳಿದೆ, ಅವಳು ಅತ್ತಳು. 'ಅಣ್ಣನ ಕಣ್ಣುಗಳು ಈಗಲೂ ಕಾಯುತ್ತಿವೆ' ಎಂದು ಒಂದು ಸಾಲು. ಅದನ್ನು ಎರಡನೆಯ ಸಲ ಓದುವಾಗ ನಿಂತೆ. ತೌನೊ ಕಣ್ಣಿನ ಬಣ್ಣ ನನಗೆ ನೆನಪಿರಲಿಲ್ಲ. ಕ್ಯಾರೊಲಿನ್ ಕೇಳಿದಳು, "ನಿಮ್ಮಣ್ಣನಿಗೆ ಇದು ಗೊತ್ತಾಗೋದು ಹೇಗೆ, ರೇ?" ಪೊಲೀಸರು ಬಾಗಿಲು ತಟ್ಟಿದಾಗ ಗೊತ್ತಾಗುತ್ತದೆ ಎಂದು ನನ್ನ ಬಾಯಿಂದಲೇ ಬಂತು. ಅವಳು ಎದ್ದು ಮುಖ ತೊಳೆಯಲು ಹೋದಳು.

ಹೋಲ್ಕಂಬರ ಬಳಿ ಹೋಗಿ ನನ್ನ ಹೆಸರು ಬಿಡಿ ಎಂದೆ. ಯುದ್ಧದ ಗಾಯ ತೊಂದರೆ ಕೊಡುತ್ತಿದೆ ಎಂದು ಪೇಪರಿನವರಿಗೆ ಹೇಳುವುದೆಂದಾಯಿತು. ಅವರು ಕೋಪಗೊಂಡರು, ಆಮೇಲೆ ಕೈ ಕೊಟ್ಟರು. "ನನ್ ಬಾಯಿಂದ ಬರಲ್ಲ" ಎಂದು ಮಾತು ಕೊಟ್ಟಿದ್ದಾರೆ. ಆ ಮಾತು ಎಷ್ಟು ದಿನ ನಿಲ್ಲುತ್ತದೆ ಎಂದು ಯೋಚಿಸುತ್ತ ಓಡಾಡುತ್ತಿದ್ದೇನೆ.

ನನ್ನನ್ನು ದೊಡ್ಡ ಮನುಷ್ಯ ಎಂದು ಬರೆಯಬೇಡ. ಲ್ಯಾಥ್ರಪ್ ಕೈ ಎತ್ತಿ ನಿಂತಾಗ ನನಗೆ ಹೊಟ್ಟೆಕಿಚ್ಚಾಯಿತು. ಈಗಲೂ ಆರಿಲ್ಲ. ಜೂನ್ 29ರ ನನ್ನ ಪತ್ರ ನಿನ್ನ ಬಳಿ ಇದ್ದರೆ ಒಲೆಗೆ ಹಾಕು.

ತೌನೊ ವಿಳಾಸ ಕಳಿಸು.

ರೇನೊ


ಎಂಬರ್ ಲೇಕ್
19 ಜುಲೈ 1960

ರೇನೊ,

ನಿನ್ನ ಪತ್ರ ಬಂದಾಗ ನನ್ನದು ನಿನ್ನನ್ನು ಹುಡುಕಿಕೊಂಡು ಹೊರಟಿತ್ತು. ಈಗ ಓದಿರುತ್ತೀಯ. ನಾನು ಆತುರಪಟ್ಟೆ. ನಿನ್ನ ಮೌನವನ್ನು ಬೇರೆ ಥರ ಓದಿಕೊಂಡೆ. ಬರೆಯಬೇಡ ಎಂಬ ಪತ್ರ ಸಮುದ್ರದ ಮೇಲಿದೆ. ಅದರ ಹಿಂದೆಯೇ ನಿನ್ನೆ ಇನ್ನೊಂದು ಹಾಕಿದ್ದೇನೆ, ಹಿಂದಿನದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ, ಅಕ್ಕನಿಗೆ ಜ್ವರ ಬಂದಿತ್ತು ಎಂದು. ಯಾವುದು ಮೊದಲು ಸೇರುತ್ತದೋ, ಎರಡೂ ಸೇರುತ್ತವೋ ಇಲ್ಲವೋ. ಉತ್ತರಕ್ಕೆ ಎರಡು ತಿಂಗಳು ಕಾಯಬೇಕು. ಅಂಚೆಯವನ ಸೈಕಲ್ಲು ಕಂಡರೆ ಬಾಗಿಲಿಗೆ ಹೋಗುತ್ತೇನೆ, ಇಷ್ಟು ಬೇಗ ಬರುವುದಿಲ್ಲ ಎಂದು ಗೊತ್ತಿದ್ದೂ.

ಕಾರ್ಲೊ ಮೂರು ದಿನ ಯಾರೊಂದಿಗೂ ಮಾತಾಡಲಿಲ್ಲ. "ಗಾಯವಂತೆ, ಗಾಯ. ಆ ಹುಡುಗ ಹೋದ ವರ್ಷ ಇಲ್ಲಿ ಸೌದೆ ಒಡೆದುಕೊಟ್ಟು ಹೋದ" ಎನ್ನುತ್ತಾನೆ. ನಿನ್ನ ಬಗ್ಗೆ ಊರಿಗೆ ಬೇಸರವಿದೆ. ನಾನು ಸುಮ್ಮನಿದ್ದೇನೆ. ಇದು ನನಗೆ ಹೊಸದಲ್ಲ, ನಿನಗೆ ಅಭ್ಯಾಸವಾಗಬೇಕು.

ವಿಳಾಸ ಹಿಂದಿನ ಪುಟದಲ್ಲಿದೆ. ಫಿನ್ನಿಶ್‌ನಲ್ಲಿ ಬರೆ, ತಪ್ಪಾದರೂ ಪರವಾಗಿಲ್ಲ. ಕಚೇರಿಯ ಕಾಗದ ಬೇಡ, ಸಾದಾ ಹಾಳೆಯಲ್ಲಿ ಬರೆದು ನನಗೆ ಕಳಿಸು, ನಾನು ಹಾಕುತ್ತೇನೆ. ನೀನು ಗುಮಾಸ್ತ ಎಂಬುದನ್ನು ಮರೆಯಬೇಡ. ರಾಜಕೀಯ ಬೇಡ. ಅಪ್ಪನ ಬಗ್ಗೆ ಕೇಳಬೇಡ.

ಅವನ ಕಣ್ಣು ಬೂದು ಬಣ್ಣ. ನಿನ್ನದೇ ಥರ.

ಅಕ್ಕ


ಸೆಪ್ಟೆಂಬರ್ 4, 1960

ಪ್ರೀತಿಯ ತೌನೊ ಅಣ್ಣನಿಗೆ,

ನಾನು ರೇನೊ. ಬರೆಯುವುದರಲ್ಲಿ ಸೋಮಾರಿ ಎಂದು ಅಕ್ಕ ಹೇಳಿರಬೇಕು, ನಿಜ. ಈ ಒಂದು ಹಾಳೆಗೆ ಆರು ವಾರ ತೆಗೆದುಕೊಂಡೆ. ನಮ್ಮ ಭಾಷೆ ನನ್ನ ಕೈಯಲ್ಲಿ ಕುಂಟುತ್ತದೆ, ತಪ್ಪು ಕಂಡರೆ ನಗು.

ಯುದ್ಧ ನನ್ನನ್ನು ಬಿಟ್ಟಿತು, ಕಾಲಿಗೆ ಸ್ವಲ್ಪ ಪೆಟ್ಟಾಯಿತು, ನಡೆಯುತ್ತೇನೆ. ಮದುವೆಯಾಗಿದೆ. ಅವಳ ಹೆಸರು ಕ್ಯಾರೊಲಿನ್. ಅವಳಿಗೆ ಫಿನ್ನಿಶ್ ಬರುವುದಿಲ್ಲ, ಆದರೆ ನಿನ್ನ ಮಗಳ ಹೆಸರನ್ನು ಸರಿಯಾಗಿ ಹೇಳಲು ಕಲಿತಿದ್ದಾಳೆ.

ನಾನು ಒಂದು ಕಚೇರಿಯಲ್ಲಿ ಗುಮಾಸ್ತ. ದಿನವಿಡೀ ಕಾಗದ, ಮಾತು, ಮತ್ತೆ ಕಾಗದ. ಈ ಬೇಸಿಗೆಯಲ್ಲಿ ನನಗೆ ಬಡ್ತಿ ಸಿಗುವ ಮಾತಿತ್ತು, ಬೇರೆಯವರಿಗೆ ಹೋಯಿತು. ವಯಸ್ಸಾದವರು, ಎದೆನೋವು ಬೇರೆ, ನಿಭಾಯಿಸುತ್ತಾರೋ ಇಲ್ಲವೋ. ಕೆಲವು ವಾರ ಬೇಸರವಾಗಿತ್ತು. ಈಗಲೂ ಅವರ ಕೋಣೆಯ ಮುಂದೆ ಹಾದುಹೋಗುವಾಗ ಒಂದು ಕ್ಷಣ ನಿಲ್ಲುತ್ತೇನೆ. ಆಮೇಲೆ ನನ್ನ ಮೇಜಿಗೆ ಹೋಗುತ್ತೇನೆ.

ಅಕ್ಕನ ಎರಡು ಪತ್ರ ಬಂದಿದ್ದರೆ ಎರಡನೆಯದನ್ನೇ ನಂಬು. ಮೊದಲನೆಯದು ನನ್ನ ತಪ್ಪಿನಿಂದ ಬರೆದದ್ದು.

ನಿನಗೆ ಯಾವ ಅಳತೆಯ ಬೂಟು ಬೇಕು? ಅವಳು ಇಷ್ಟು ದಿನ ಅಂದಾಜಿನಲ್ಲಿ ಕಳಿಸಿದ್ದಾಳಂತೆ. ಕಾಲನ್ನು ಒಂದು ಹಾಳೆಯ ಮೇಲಿಟ್ಟು, ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಕಳಿಸು. ಮಗಳದ್ದೂ ಇರಲಿ.

ನಿನ್ನ ತಮ್ಮ
ರೇನೊ